ಘಟ್ಟ ಇಳಿಯುವ ಮುನ್ನ ಕಾರಿನ ಸದ್ದಿಗೆ ಕಿವಿಗೊಡಿ

ಮಳೆಗಾಲ ಬಂತೆಂದರೆ ಬಯಲುಸೀಮೆಯ ಅನೇಕ ಕುಟುಂಬಗಳು ಕಾರಿನಲ್ಲಿ ಆಗುಂಬೆ, ಚಾರ್ಮಾಡಿ ಘಟ್ಟಗಳನ್ನು ಇಳಿದು ಕರಾವಳಿಗೆ ಹೋಗುತ್ತವೆ. ಹೊರಡುವ ಮುನ್ನ ಮರೆಯದೆ ಟೈರಿಗೆ ಗಾಳಿ ಹಿಡಿಸುವವರೂ ಬ್ರೇಕಿನ ಕೀರಲು ಸದ್ದನ್ನು ಮಾತ್ರ ‘ಮಳೆಗೆ ಹಾಗಾಗುತ್ತದೆ’ ಎಂದು ಬಿಟ್ಟುಬಿಡುವುದನ್ನು ಕಂಡಾಗ ನನಗೆ ಆತಂಕವಾಗುತ್ತದೆ.

ಆ ಮಾತು ಪೂರ್ತಿ ಸುಳ್ಳೇನೂ ಅಲ್ಲ. ಚಕ್ರದೊಂದಿಗೆ ತಿರುಗುವ ಬ್ರೇಕಿನ ಲೋಹದ ತಟ್ಟೆಯಾದ ಡಿಸ್ಕ್ ರಾತ್ರಿ ನೆನೆದು, ಅದರ ಮೇಲೆ ತೆಳುವಾಗಿ ತುಕ್ಕು ಕಟ್ಟುವುದರಿಂದ ಬೆಳಿಗ್ಗೆ ಬ್ರೇಕ್ ಒತ್ತಿದಾಗ ಬರುವ ಸದ್ದು ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ನಿಲ್ಲುತ್ತದೆ. ಆದರೆ ಕಾರು ಸಾಕಷ್ಟು ಓಡಿದ ಮೇಲೂ ಬ್ರೇಕ್ ಒತ್ತಿದಾಗಲೆಲ್ಲ ಸದ್ದು ಬರುತ್ತಿದ್ದರೆ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಸವೆದಿರುವ ಸಾಧ್ಯತೆ ಹೆಚ್ಚು. ಹೊಸತರಲ್ಲಿ ಸುಮಾರು 10 ಮಿ.ಮೀ. ದಪ್ಪವಿರುವ ಪ್ಯಾಡ್ 2–3 ಮಿ.ಮೀ.ಗೆ ಇಳಿದಾಗ ಡಿಸ್ಕಿಗೆ ತಾಗಿ ಕಿರುಚಲೆಂದೇ ಅನೇಕ ಪ್ಯಾಡುಗಳಲ್ಲಿ ಸಣ್ಣ ಲೋಹದ ಪಟ್ಟಿಯೊಂದನ್ನು ಇಟ್ಟಿರುತ್ತಾರೆ. ಅದನ್ನೂ ಕಡೆಗಣಿಸಿದರೆ ಮುಂದೆ ಕರಕರನೆ ಉಜ್ಜುವ ಸದ್ದು ಶುರುವಾಗುತ್ತದೆ. ಪ್ಯಾಡಿನ ಹಿಂದಿನ ಉಕ್ಕಿನ ತಗಡೇ ಆಗ ಡಿಸ್ಕನ್ನು ಕೊರೆಯುತ್ತಿರುತ್ತದೆ. ಎರಡನೆಯ ಗೇರಿನಲ್ಲಿ ನಿಧಾನವಾಗಿ ಇಳಿದರೂ ಆಗುಂಬೆಯ 14 ಕಡಿದಾದ ತಿರುವುಗಳಲ್ಲಿ ಬ್ರೇಕ್ ಒತ್ತದೆ ವಿಧಿಯಿಲ್ಲವಾದ್ದರಿಂದ, ಇಂಥ ಕಾರನ್ನು ಘಟ್ಟಕ್ಕೆ ಒಯ್ಯಲೇಬಾರದು.

ಸದ್ದು ಹೇಗಿದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದು ಹೆಚ್ಚು ಹೇಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ವೇಗದೊಂದಿಗೆ ಏರುವ, ಖಾಲಿ ರಸ್ತೆಯಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದಾಗಲೂ ನಿಲ್ಲದ ಗುಂಯ್‌ಗುಡುವಿಕೆ ಎಂಜಿನ್ನಿನದಲ್ಲ. ಅದು ಸಾಮಾನ್ಯವಾಗಿ ಟೈರಿನದು ಅಥವಾ ಚಕ್ರದ ಬೇರಿಂಗಿನದು. ಬಲಕ್ಕೆ ತಿರುಗುವಾಗ ಭಾರ ಎಡಗಡೆಗೆ ವಾಲುವುದರಿಂದ, ಆಗ ಸದ್ದು ಜೋರಾದರೆ ಎಡಗಡೆಯ ಬೇರಿಂಗನ್ನು ಮೊದಲು ಪರೀಕ್ಷಿಸಬೇಕು. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಮುಂದೆ ಸಾಗುವಾಗ ಟಕಟಕ ಎನ್ನುವುದಾದರೆ ಚಕ್ರವನ್ನು ತಿರುಗಿಸುವ ಆಕ್ಸಲ್ ತುದಿಯ ಜಾಯಿಂಟ್ ಕಡೆ ನೋಡಬೇಕು. ಅದರ ಮೇಲಿನ ರಬ್ಬರ್ ಹೊದಿಕೆ, ಅಂದರೆ ಬೂಟ್ ಹರಿದು, ಗ್ರೀಸ್ ಸೋರಿ, ಒಳಗೆ ಕೆಸರು ಮತ್ತು ಮರಳು ಸೇರಿದ ಮೇಲೆ ಜಾಯಿಂಟ್ ಬಹುಕಾಲ ಬಾಳುವುದಿಲ್ಲ. ಬೂಟ್ ಹರಿದ ಕೂಡಲೇ ಗಮನಿಸಿದರೆ ಸಣ್ಣ ಖರ್ಚಿನಲ್ಲಿ ಮುಗಿಯುವ ಕೆಲಸ ಇದು. ಎಂಜಿನ್ನಿನ ಒಳಗಿನಿಂದ ಬಡಿಯುವ ಸದ್ದು ಬಂದು, ಜೊತೆಗೆ ಆಯಿಲ್ ದೀಪವೂ ಕೆಂಪಗೆ ಹೊತ್ತಿಕೊಂಡರಂತೂ ಅಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಗ್ಯಾರೇಜಿನವರೆಗೆ ಓಡಿಸಿಕೊಂಡು ಹೋಗಬಾರದು.

ಎಷ್ಟೋ ಸದ್ದುಗಳು ಮೆಕ್ಯಾನಿಕ್ ಎದುರು ನಿಂತ ಕಾರಿನಲ್ಲಿ ಕೇಳಿಸುವುದೇ ಇಲ್ಲ. ಹಾಗಾಗಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ, ಸದ್ದು ಬರುವ ವೇಗವನ್ನೂ ತಿರುವನ್ನೂ ತೋರಿಸಿಕೊಡಿ. ಸಾಲುರಜೆಯ ಹಿಂದಿನ ದಿನ ಗ್ಯಾರೇಜುಗಳಲ್ಲಿ ಬಿಡುವಿರುವುದಿಲ್ಲ. ಪ್ರಯಾಣಕ್ಕೆ ಒಂದು ವಾರ ಮೊದಲೇ ಹೋಗಿ, ಮುಂದಿನ ಪ್ಯಾಡುಗಳನ್ನಷ್ಟೇ ಅಲ್ಲದೆ, ಹಿಂದೆ ಡ್ರಮ್ ಬ್ರೇಕ್ ಇದ್ದರೆ ಅದರೊಳಗೆ ಪ್ಯಾಡಿನಂತೆಯೇ ಸವೆಯುವ ಶೂಗಳನ್ನೂ ಬಿಚ್ಚಿಸಿ ಕಣ್ಣಾರೆ ನೋಡಿ.