ಸ್ಮೂತನಿಂಗ್ ಬಿಟ್ಟ ಕೂದಲು: ಮಳೆಗಾಲದ ಅಪ್‌ಡೇಟ್

ಪಾರ್ಲರಲ್ಲಿ ಸ್ಮೂತನಿಂಗ್ ಅಂತ ಕೂದಲು ನೇರ ಮಾಡಿಸುದನ್ನು ಬಿಟ್ಟು ನನ್ನ ಗುಂಗುರು ಕೂದಲನ್ನೇ ಬೆಳೆಸ್ತಾ ಇದ್ದೇನೆ. ಮೇ ವರೆಗೆ ಎಲ್ಲ ಸರಿ ಇತ್ತು ಮಾರಾಯ್ರೆ, ಜೂನಲ್ಲಿ ಇಲ್ಲಿ ಕೇರಳ-ಕರ್ನಾಟಕ ಗಡಿಯ ಬದಿಯಡ್ಕದ ಮಳೆ ಸುರುವಾದದ್ದೇ ತಡ ನನ್ನ ಸುರುಳಿಗಳೆಲ್ಲ ಬಿಚ್ಚಿ ಇಡೀ ತಲೆ ಉಬ್ಬಿ ನಿಂತಿತು. ಒಂದು ಪೂಜೆಗೆ ಹೋದ್ರೆ ದೊಡ್ಡಮ್ಮ "ಎಂತ ಮಗಾ, ತಲೆ ಬಾಚ್ಲಿಕ್ಕೂ ಪುರ್ಸೊತ್ತಿಲ್ವಾ ನಿಂಗೆ" ಅಂತ ಊಟದ ಪಂಕ್ತಿಯಲ್ಲೇ ಕೇಳಿದ್ರು.

ಹುಡುಕಿ ನೋಡಿದ್ರೆ ಗ್ಲಿಸರಿನ್. ನಾನು ಹಾಕ್ತಿದ್ದ ಕ್ರೀಮಿನ ಡಬ್ಬದಲ್ಲಿ ನೀರು ಬಿಟ್ರೆ ಎರಡನೇ ಹೆಸರೇ ಅದು. ಅದು ಗಾಳಿಯ ತೇವವನ್ನು ಎಳ್ಕೊಳ್ತದೆ, ಗಾಳಿಯೇ ನೀರಾಗಿರುವ ನಮ್ಮ ಜೂನ್ ಜುಲೈಯಲ್ಲಿ ಕೂದಲು ಕುಡಿದು ಕುಡಿದು ಊದಿಕೊಳ್ಳುದು. ಯೂಟ್ಯೂಬಿನವ್ರು ಹೇಳಿದ್ದನ್ನು ಕರಾವಳಿಯಲ್ಲಿ ಹಾಗೇ ಮಾಡ್ಲಿಕ್ಕೆ ಆಗುದಿಲ್ಲ. ಆ ಡಬ್ಬ ಈಗ ಡಿಸೆಂಬರಿಗೆ ಅಂತ ಎತ್ತಿಟ್ಟಾಯ್ತು.

ಬದಲಿಗೆ ಅಗಸೆ ಬೀಜದ ಜೆಲ್. ಕಾಲು ಕಪ್ ಬೀಜ, ಎರಡು ಕಪ್ ನೀರು, ಸಣ್ಣ ಉರಿಯಲ್ಲಿ ಮೊಟ್ಟೆಯ ಬಿಳಿಯ ಹಾಗೆ ನೂಲು ಬರುವವರೆಗೆ ಕುದಿಸಿ ಬಿಸಿ ಇರುವಾಗ್ಲೇ ಸೋಸ್ಬೇಕು, ತಣಿದ್ರೆ ಮುಗೀತು, ಬಟ್ಟೆ ಹಿಂಡಿ ಹಿಂಡಿ ಕೈ ನೋವು ಬರ್ತದೆ. ಫ್ರಿಜ್ಜಲ್ಲಿ ಒಂದು ವಾರ ಇಡಬಹುದು. ಅಜ್ಜಿ "ಅದಕ್ಕೆ ದಾಸವಾಳ ಸೊಪ್ಪಿನ ಗೊಂಪು ಸಾಕಲ್ವಾ" ಅಂದ್ರು. ಅದೂ ಲೋಳೆಯೇ, ತಲೆ ತೊಳೀಲಿಕ್ಕೆ ನಾನೀಗ ಅದನ್ನೇ ಹಾಕುದು, ಸಿಕ್ಕು ಬಿಡಿಸ್ಲಿಕ್ಕೆ ಭಾರೀ ಸುಲಭ ಆಗ್ತದೆ. ಆದ್ರೆ ತೊಳೆದ ಮೇಲೆ ಉಳಿಯುದಿಲ್ಲ, ಸುರುಳಿಯನ್ನು ಹಿಡಿದಿಡ್ಲಿಕ್ಕೆ ಅಗಸೆಯೇ ಬೇಕು.

ಬೆಳವಣಿಗೆ: ತಿಂಗಳಿಗೆ ಹೆಚ್ಚುಕಮ್ಮಿ 1 ಸೆಂಟಿಮೀಟರ್, ಅದೂ ಸುತ್ತಿಕೊಂಡೇ ಇರುದ್ರಿಂದ ಬೆಳೆದದ್ದೇ ಗೊತ್ತಾಗುದಿಲ್ಲ. ಈಗ ಕಿವಿಯವರೆಗೆ ಗುಂಗುರು, ಅದರ ಕೆಳಗೆ ಹಳೇ ನೇರ ಕೂದಲು ನೇತಾಡ್ತಾ ಉಂಟು. ಅದಕ್ಕೆ "ಕರ್ಲ್ ವಾಪಸ್ ಬರುವ ಮಾಸ್ಕ್" ಅಂತ ಪಾರ್ಲರಿನವ್ರು ಒಂದು ತೋರಿಸಿದ್ರು, ನಾನು ತಗೊಳ್ಲಿಲ್ಲ. ಸ್ಮೂತನಿಂಗಿಗೆ ನನಗೆ ಹಾಕ್ತಿದ್ದದ್ದು ಥಯೋಗ್ಲೈಕೋಲೇಟ್ ಅಂತ ಒಂದು ರಾಸಾಯನಿಕ ಇರುವ ಕ್ರೀಮು, ಅದು ಕೂದಲಿನ ಕೆರಾಟಿನ್ ಒಳಗಿನ ಗಂಧಕದ ಕೊಂಡಿಗಳನ್ನೇ ಮುರಿಯುದು, ಆಮೇಲೆ ಇಸ್ತ್ರಿ ಎಳೆದು ಪೆರಾಕ್ಸೈಡ್ ಹಾಕಿ ನೇರ ಆಕಾರದಲ್ಲೇ ಪುನಃ ಕೂಡಿಸುದು. ಆ ಭಾಗ ಇನ್ನು ಯಾವ ಎಣ್ಣೆಗೂ ಸುರುಳಿ ಆಗುದಿಲ್ಲ, ಕತ್ತರಿಯೇ ಗತಿ. ಪೂರ್ತಿ ಬೋಳಿಸಿ ಹೊಸತಾಗಿ ಸುರು ಮಾಡುವಷ್ಟು ಧೈರ್ಯ ನಂಗಿಲ್ಲ.

ತುಂಡಾಗುದೆಲ್ಲ ಗುಂಗುರು ಮತ್ತು ನೇರ ಸೇರುವ ಜಾಗದಲ್ಲೇ. ಬಿಗಿ ಜಡೆ, ಪೋನಿಟೇಲ್ ಎರಡೂ ಬಂದ್. ಆಫೀಸಿನ ಮಲಯಾಳಿ ಚೇಚಿ (ಅಕ್ಕ) ಕುಳಿಪ್ಪಿನ್ನಲ್ ಅಂತ ಕೇರಳದ ಒಂದು ಜಡೆ ಕಲಿಸಿಕೊಟ್ರು, ಎರಡೂ ಬದಿಯಿಂದ ಸಪೂರ ಎಳೆ ತೆಗೆದು ಹಿಂದೆ ಸಡಿಲ ಹೆಣೆದು ಉಳಿದದ್ದನ್ನು ಹಾಗೇ ಬಿಡುದು. ಎಲ್ಲೂ ಎಳೆಯುದಿಲ್ಲ, ನೇರ ಭಾಗವೂ ಅಷ್ಟು ಎದ್ದು ಕಾಣುದಿಲ್ಲ. ಗಡಿಯಲ್ಲಿ ಇದ್ದದ್ದಕ್ಕೆ ಇಷ್ಟಾದ್ರೂ ಲಾಭ!

ಸುಮಾರು ಜನ ಕ್ಯಾನ್ಸರಿಗೆ ಹೆದರಿ ಬಿಟ್ಟದ್ದಾ ಕೇಳ್ತಾರೆ. ಅಮೆರಿಕದ 2022ರ ಅಧ್ಯಯನ ನಾನೂ ಓದಿದ್ದೇನೆ, ವರ್ಷಕ್ಕೆ 4ಕ್ಕಿಂತ ಹೆಚ್ಚು ಸಲ ಸ್ಟ್ರೈಟನಿಂಗ್ ಬಳಸಿದವ್ರಲ್ಲಿ 70 ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಅಂದಾಜು 4.05%, ಬಳಸದವ್ರಲ್ಲಿ 1.64%. ನಾನು ಅಷ್ಟೆಲ್ಲ ಮಾಡಿಸಿದವಳಲ್ಲ. ನಂಗೆ ಆ ವಾಸನೆ, ಅರ್ಧ ದಿನ ಕೂತು ಬೆನ್ನು ನೋವು ಮತ್ತೆ ಬಿಲ್ಲು, ಇಷ್ಟೇ ಸಾಕಾಯ್ತು.

ಮುಂದಿನ ಕೆಲಸ ತುದಿ ಕತ್ತರಿಸುದು. ಒದ್ದೆ ಮಾಡಿ ಎಳೆದು ಕತ್ತರಿಸಿದ್ರೆ ಒಣಗಿದ ಮೇಲೆ ಒಂದೊಂದು ಸುರುಳಿ ಒಂದೊಂದು ಎತ್ತರಕ್ಕೆ ಹಾರ್ತದೆ. ಕಾಸರಗೋಡಲ್ಲೋ ಮಂಗಳೂರಲ್ಲೋ ಒಣ ಕೂದಲಲ್ಲೇ ಕತ್ತರಿಸುವವ್ರು ಯಾರಾದ್ರೂ ಗೊತ್ತಿದ್ರೆ ಹೇಳಿ, ದೀಪಾವಳಿ ಒಳಗೆ ಮಾಡಿಸ್ಬೇಕು.