ಕಸಬರಿಗೆ ಬೇಡವೆಂದು ಬರೆದ ವರದಿ

ಹುಡುಗನಿಗೆ 19 ವರ್ಷ. ಹೊಲದ ಪಂಪ್‌ಸೆಟ್ಟಿನ ಕೇಬಲ್ ಕದ್ದಿದ್ದ. ಮೊದಲ ಅಪರಾಧ, ಮಾಲಿನ ಬೆಲೆ 5,000 ರೂಪಾಯಿಯೊಳಗೆ, ಅದೂ ರೈತನ ಕೈ ಸೇರಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ ಇಂಥವನಿಗೆ ಜೈಲಲ್ಲ, ಸಮುದಾಯ ಸೇವೆ. ಯಾವ ಕೆಲಸ ಕೊಡಬಹುದು ಎಂದು ನ್ಯಾಯಾಲಯ ಪರಿವೀಕ್ಷಣಾಧಿಕಾರಿಯಾದ ನನ್ನಿಂದ ವರದಿ ಕೇಳಿತು.

ಕಡತದಲ್ಲಿ ಆಗಲೇ ಒಂದು ಸಲಹೆಯಿತ್ತು: ಬಸ್ ನಿಲ್ದಾಣದ ಕಸ ಹೊಡೆಸಿ, ಶೌಚಾಲಯ ತೊಳೆಸುವುದು. ಅದರ ಮೇಲೆಯೇ, ‘ಕೊರಮ ಜಾತಿಯವನು, ಕಳ್ಳತನ ಇವರ ಕುಲಕಸುಬು’ ಎಂಬ ಸಾಲು. ಓದಿ ಮೈ ಉರಿಯಿತು. ಇಡೀ ಸಮುದಾಯಗಳನ್ನೇ ಹುಟ್ಟಾ ಅಪರಾಧಿಗಳೆಂದು ಪಟ್ಟಿಗೆ ಸೇರಿಸುವ, 1871ರಲ್ಲಿ ಶುರುವಾದ ಕಾಯ್ದೆ ಕೊನೆಗೂ ರದ್ದಾದದ್ದು 1952ರಲ್ಲಿ!

ಜೀಪು ಕಂಡರೆ ಓಣಿ ಬೆದರುತ್ತದೆಂದು ಹುಡುಗನ ಮನೆಗೆ ನಡೆದೇ ಹೋದೆ. ಅಜ್ಜಿ ಕಟ್ಟೆಯ ಮೇಲೆ ಕಸಬರಿಗೆ ಕಟ್ಟುತ್ತಿದ್ದಳು. ಈಚಲ ಗರಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸೀಳುವುದು, ಹಿಡಿ ತುಂಬಿದಾಗ ಕಾಲ್ಬೆರಳಿಗೆ ದಾರ ಸಿಕ್ಕಿಸಿ ಬಿಗಿಯುವುದು. ಕೈ ನಿಲ್ಲಿಸದೆಯೇ ಮಾತನಾಡಿದಳು.

“ನಮ್ಮಪ್ಪ, ಆ ಕಾಯ್ದೆಯ ಕಾಲದಲ್ಲಿ ನಮ್ಮಂಥವರನ್ನು ಕೂಡಿಹಾಕಿದ್ದ ಹುಬ್ಬಳ್ಳಿ ಸೆಟ್ಲಮೆಂಟಿನ ತಂತಿಬೇಲಿಯೊಳಗೆ ದಿನವೂ ಹಾಜರಿ ಹೇಳಿದವನು, ಸಾಹೇಬರೇ. ಮೊಮ್ಮಗ ತಪ್ಪು ಮಾಡಿದ್ದಾನೆ, ಶಿಕ್ಷೆ ಕೊಡಿ. ಆದರೆ ಅವನು ಬಸ್ ಸ್ಟ್ಯಾಂಡಿನಲ್ಲಿ ಕಸ ಹೊಡೆದರೆ ಅದು ಶಿಕ್ಷೆ ಎಂದು ಯಾರಿಗೆ ತಿಳಿಯುತ್ತದೆ? ಅದು ನಮ್ಮ ಪಾಲಿನ ಕೆಲಸವೇ ಎನ್ನುತ್ತಾರೆ.”

ವರದಿಯ ತಿರುಳನ್ನು ಅವಳೇ ಹೇಳಿಬಿಟ್ಟಿದ್ದಳು. ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಜೈಲಿನೊಳಗೆ ಸಲ್ಲದ್ದು ಬಸ್ ನಿಲ್ದಾಣದಲ್ಲಿ ಹೇಗೆ ಸಂದೀತು ಎಂದು ಬರೆದು, ತಾಲ್ಲೂಕು ಆಸ್ಪತ್ರೆಯ ರೋಗಿಗಳಿಗೆ ನೆರವಾಗುವ ಕೆಲಸ ಸೂಚಿಸಿದೆ. ಮ್ಯಾಜಿಸ್ಟ್ರೇಟರು ಒಪ್ಪಿದರು.

ಕೆಲಸದ ಮೊದಲ ದಿನ ನೋಡಲು ಹೋದೆ. ಮುದುಕರೊಬ್ಬರನ್ನು ಗಾಲಿಕುರ್ಚಿಯಲ್ಲಿ ಎಕ್ಸ್‌ರೇ ಕೋಣೆಗೆ ಒಯ್ಯುತ್ತಿದ್ದ. ಹೊಸ್ತಿಲು ಬಂದಾಗ ಕುರ್ಚಿಯನ್ನು ತಿರುಗಿಸಿ, ಹಿಂದಿನಿಂದ ಮೆಲ್ಲಗೆ ದಾಟಿಸಿದ. ಯಾರೂ ಹೇಳಿಕೊಟ್ಟಿರಲಿಲ್ಲವಂತೆ. “ಯಾವೂರಪ್ಪಾ ತಮ್ಮಾ?” ಎಂದು ಮುದುಕರು ಕೇಳಿದರು. ಹುಡುಗ ಊರ ಹೆಸರು ಹೇಳಿ, ನನ್ನತ್ತ ಒಮ್ಮೆ ನೋಡಿ, ಓಣಿಯ ಹೆಸರನ್ನೂ ಹೇಳಿದ. ಅವರು ಅವನ ಮೊಣಕೈ ಹಿಡಿದೇ ಮೇಜು ಹತ್ತಿದರು.

ಕಡತದ ಆ ಸಾಲನ್ನು ತೆಗೆಯಬೇಕೆಂದು ಬೇರೆಯೇ ಪತ್ರ ಬರೆದಿದ್ದೇನೆ. ಉತ್ತರ ಬಂದಿಲ್ಲ. ಈ ವಾರ ಮತ್ತೆ ಬರೆಯುತ್ತೇನೆ.