ಕೊಡೆ ಮಾಸ್ಟ್ರು, ಪಂಡಿತರು ಮತ್ತು ನನ್ನ ಕುರುಬ

ಕೊಡೆ ಮಾಸ್ಟ್ರು ತೀರಿಕೊಂಡ ಸುದ್ದಿ ಕಳೆದ ಜುಲೈಯಲ್ಲಿ, ಆಟಿ ತಿಂಗಳ ಮಳೆ ಹೊಡೆಯುತ್ತಿದ್ದ ಒಂದು ಸಂಜೆ, ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬಂತು. 89 ವರ್ಷವಾಗಿತ್ತು. ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ನಾನು ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದೆ. ಹೇಳಿಕೊಳ್ಳಬಾರದು, ಆದರೂ ಬೆಂಗಳೂರಿನಿಂದ ಮಂಗಳೂರಿಗೆ ಹೋದವನು ನಾನೊಬ್ಬನೇ.

ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ದುಡಿದು, ಸಹಾಯಕ ಮಹಾಪ್ರಬಂಧಕನಾಗಿ ನಿವೃತ್ತನಾದವನು ನಾನು. ಊಟದ ಹೊತ್ತಿಗೆ ಸಹೋದ್ಯೋಗಿಗಳು ಕೇಳುತ್ತಿದ್ದರು: "ಭಾನುವಾರದ ಚರ್ಚು ಒಂದು ವಾರವೂ ತಪ್ಪಿಸುವುದಿಲ್ಲವಲ್ಲ, ನಿಮಗೆ ಅಂಥಾದ್ದೇನು ಸಿಕ್ಕಿದೆ ಅಲ್ಲಿ?" ಕಾಯಿಲೆ ವಾಸಿಯಾದದ್ದೋ, ಕನಸಿನಲ್ಲಿ ಬೆಳಕು ಕಂಡದ್ದೋ ಇರಬೇಕೆಂದು ಅವರ ಊಹೆ. ಅಂಥದ್ದು ಏನೂ ಇಲ್ಲ. ನಮ್ಮದು ನಾಲ್ಕು ತಲೆಮಾರಿನಿಂದ ಬಾಸೆಲ್ ಮಿಶನ್ ಎಂಬ ಪ್ರಾಟೆಸ್ಟಂಟ್ ಕ್ರೈಸ್ತ ಸಭೆಯ ಮನೆ; ತುಳು ಬಂದ ಹಾಗೇ ಕ್ರಿಸ್ತನೂ ಬಂದ. ಹುಟ್ಟಿನಿಂದ ಬಂದದ್ದರ ಮೇಲೆ ಪ್ರೀತಿ ಹುಟ್ಟಿದ್ದು ಮಾತ್ರ ಆಮೇಲೆ, ಏಳನೇ ಕ್ಲಾಸಿನಲ್ಲಿ, 1971ರಲ್ಲಿ.

ಅಪ್ಪ ದುಡಿಯುತ್ತಿದ್ದ ಹೆಂಚಿನ ಕಾರ್ಖಾನೆ ಆ ಮಳೆಗಾಲ ಬಾಗಿಲು ಹಾಕಿತ್ತು. ಶಾಲೆಯ ಮಾಡಿನಿಂದ ಬಿದ್ದ ಹಳೆಯ ಹೆಂಚಿನ ತುಂಡಿನಲ್ಲಿ ಮಿಶನ್ನಿನ ಹೆಸರೂ 1865 ಎಂಬ ಇಸವಿಯೂ ಅಚ್ಚಾಗಿದ್ದದ್ದು ನೆನಪಿದೆ. ಮಂಗಳೂರು ಹೆಂಚು ಶುರುವಾದ ವರ್ಷ ಅದು. ನಮ್ಮ ಮನೆಯಲ್ಲಿ ಮಾತ್ರ ಮೂರು ಹೊತ್ತೂ ಗಂಜಿ, ಒಣಮೀನಿನ ಚಟ್ನಿ. ಅಂಥಾ ದಿನಗಳಲ್ಲಿ ಬೆಳಗಿನ ಪ್ರಾರ್ಥನೆಯಲ್ಲಿ ಬೈಬಲಿನ ಇಪ್ಪತ್ತಮೂರನೇ ಕೀರ್ತನೆ ಓದುವ ಸರದಿ ನನಗೆ ಬಂತು. "ಯೆಹೋವನು ನನಗೆ ಕುರುಬನು, ಕೊರತೆ ಪಡೆವೆನು" ಎಂದು ಗಟ್ಟಿಯಾಗಿ ಓದಿ ಕೂತೆ.

ಸಭೆಯವರಲ್ಲದ ಕನ್ನಡ ಪಂಡಿತರು ಹಿಂದಿನ ಬೆಂಚಿನಲ್ಲಿ ಜನಿವಾರ ಸರಿಪಡಿಸಿಕೊಳ್ಳುತ್ತ ಕೂತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಕಿವಿ ಹಿಡಿದರು.

"ಎಂತ ಮಾರಾಯಾ, ಓದಿದ್ದು ನೀನಾ, ನಿನ್ನ ಹೊಟ್ಟೆಯಾ?"

ನಿಜ ಹೇಳುತ್ತೇನೆ, ನಾನು ಅಷ್ಟು ವರ್ಷವೂ ಹಾಗೇ ತಿಳಿದಿದ್ದೆ: ಕುರುಬನಿದ್ದಾನೆ, ಕೊರತೆಯೂ ಸಿಗುತ್ತದೆ. ಸುಳ್ಳು ಹೇಳದ ದೇವರು ಎಂದು ಒಳಗೊಳಗೇ ಗೌರವವೂ ಇತ್ತು. ಪಂಡಿತರು ಲೈಬ್ರರಿಗೆ ಎಳೆದುಕೊಂಡು ಹೋಗಿ ಕಿಟ್ಟೆಲ್ ನಿಘಂಟನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟರು. 1894ರ ಪುಸ್ತಕ, ಸುಮಾರು 70,000 ಶಬ್ದ. ಪುಟ ಮುಟ್ಟಿದರೆ ಅಪ್ಪಳದ ಹಾಗೆ ಮುರಿಯುತ್ತಿತ್ತು. "ಪಡು, ಪಡೆನು. ಪಡುವುದಿಲ್ಲ ಅಂತ ಅರ್ಥ. ಅದೇ ಕೀರ್ತನೆಯಲ್ಲಿ ಕೆಳಗೆ ಹೆದರೆನು ಅಂತ ಉಂಟಲ್ಲ, ಅದಕ್ಕೆ ಹೆದರುತ್ತೇನೆ ಅಂತ ಅರ್ಥ ಹೇಳ್ತೀಯಾ? ಬಾರೆನು, ಅರಿಯೆನು, ಒಲ್ಲೆನು... ನಿಮ್ಮ ಪಾದ್ರಿ ಕಿಟ್ಟೆಲ್ ಜರ್ಮನಿಯಿಂದ ಬಂದು ನಮ್ಮ ಕೇಶಿರಾಜನ ವ್ಯಾಕರಣ ಅಚ್ಚು ಹಾಕಿಸಿದ. ನೀನು ಇಲ್ಲೇ ಹುಟ್ಟಿ ನಿನ್ನ ದೇವರ ಪುಸ್ತಕ ಓದಲಿಕ್ಕೆ ಕಲಿಯಲಿಲ್ಲ!"

ಆ ಮಧ್ಯಾಹ್ನವೂ ಗಂಜಿಯೇ. ಕುಡಿಯುತ್ತ "ಪಡೆನು, ಪಡೆನು" ಎಂದು ಹೇಳಿಕೊಂಡೆ. ಕೊರತೆ ಇದ್ದೇ ಇತ್ತು. ಆದರೂ ಅದರ ಮುಖಕ್ಕೇ ಹೀಗೆ ಹೇಳಬಹುದಲ್ಲ ಎಂದು ಮೈ ಜುಮ್ಮೆಂದಿತು. ಮುಂದೆ ಬೈಬಲ್ ವಚನಗಳ ಬಾಯಿಪಾಠದಲ್ಲಿ ಮೂರು ವರ್ಷ ಮೊದಲ ಬಹುಮಾನ ನನಗೇ ಬಂತು. ಅದರಲ್ಲಿ ಪಂಡಿತರ ಪಾಲು ಎಷ್ಟೆಂದು ಈಗ ಲೆಕ್ಕ ಹಾಕುತ್ತೇನೆ.

ಇನ್ನು ಕೊಡೆ ಮಾಸ್ಟ್ರು. ನಮಗೆ ಲೆಕ್ಕ ಮತ್ತು ಸತ್ಯವೇದ ಎರಡನ್ನೂ ಕಲಿಸುತ್ತಿದ್ದರು. ಕಲಿಸಿದ್ದರಲ್ಲಿ ಈಗ ಒಂದೂ ನೆನಪಿಲ್ಲ. ಮಳೆಗೂ ಬಿಸಿಲಿಗೂ ಒಂದೇ ಕರಿ ಕೊಡೆ, ಅದರ ಹಿಡಿಗೆ ಸುತ್ತಿದ ಸೈಕಲ್ ಟ್ಯೂಬು ನೆನಪಿದೆ.

ಅರ್ಧವಾರ್ಷಿಕ ಲೆಕ್ಕದ ಪರೀಕ್ಷೆಯ ಹಿಂದಿನ ದಿನ ನಾವು ಮೂವರು ಯೋಚನೆ ಮಾಡಿದೆವು. ಸಭೆಯ ಹಿರಿಯರು ಯಾರಾದರೂ ತೀರಿಕೊಂಡರೆ ಶಾಲೆಗೆ ರಜೆ. ಚರ್ಚಿನ ಗಂಟೆಯ ಹಗ್ಗ ಹೊರಗೇ ತೂಗುತ್ತಿತ್ತು. ಆರಾಧನೆಯ ಗಂಟೆ ಬೇಗ ಬೇಗ, ಸಾವಿನ ಗಂಟೆ ತಡೆದು ತಡೆದು. ಒಂದು ಪೆಟ್ಟಿನಿಂದ ಇನ್ನೊಂದಕ್ಕೆ ಇಪ್ಪತ್ತರವರೆಗೆ ಎಣಿಸಬೇಕು. ಎಣಿಸಿದವನು ಈಗ ಮಸ್ಕತ್ತಿನಲ್ಲಿದ್ದಾನೆ. ಇನ್ನೊಬ್ಬನ ವಿಷಯ ಬರೆದರೆ ಜಗಳಕ್ಕೆ ಬರುತ್ತಾನೆ, ಅವನೀಗ ಅಜ್ಜ. ಎಳೆದವನು ನಾನು. ಐದನೇ ಪೆಟ್ಟಿಗೆ ಉಳಿದಿಬ್ಬರೂ ಓಡಿದ್ದರು, ಹಿಂದೆ ಕೊಡೆ ನಿಂತಿತ್ತು.

ಹೊಡೆಯಲಿಲ್ಲ. "ಬಾ" ಎಂದರು, ಅಷ್ಟೆ. ಗುಡ್ಡೆ ಇಳಿದರೆ ಓಣಿಯಲ್ಲಿ ಸಭೆಯವರ ಹದಿನಾಲ್ಕು ಮನೆ. ಪ್ರತಿಯೊಂದು ಅಂಗಳದಲ್ಲೂ ನಿಂತು ನಾನೇ ಹೇಳಬೇಕು: "ಏರ್‌ಲಾ ಸೈತಿಜೆರ್." ಯಾರೂ ಸತ್ತಿಲ್ಲ. ಜೋರು ಮಳೆ. ಮಾಸ್ಟ್ರು ಕೊಡೆಯನ್ನು ನನ್ನ ಕಡೆಗೇ ವಾಲಿಸಿ ಹಿಡಿದಿದ್ದರು. ಅವರ ಎಡಗೈ ತೋಳು ಒದ್ದೆಯಾಗಿ ಅಂಗಿ ಮೈಗೆ ಅಂಟಿತ್ತು. ಕೆಲವರು ಬೈದರು. ಒಬ್ಬರು ನಕ್ಕರು.

ಕೊನೆಯ ಮನೆಯಲ್ಲಿ ಅಜ್ಜಿಯೊಬ್ಬರೇ ಇದ್ದರು. ಮಗ ಬೊಂಬಾಯಿಯಲ್ಲಿ, ಮೂರು ತಿಂಗಳಿಂದ ಕಾಗದ ಇಲ್ಲ. ಗಂಟೆ ಕೇಳಿದವರೇ ಬಿಳಿ ಸೀರೆ ಉಟ್ಟು, ಚರ್ಚಿನ ಸಂಗೀತ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲಲ್ಲಿ ಕೂತಿದ್ದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಮಾಸ್ಟ್ರೂ ಸಹಾಯಕ್ಕೆ ಬರಲಿಲ್ಲ. ಕೊನೆಗೆ ಹೇಳಿದೆ. ಅಜ್ಜಿ ನನ್ನನ್ನೇ ನೋಡಿದರು. "ಯಾರೂ ಇಲ್ವಾ? ಸರಿಯಾಗಿ ಗೊತ್ತುಂಟಾ?" ಯಾರೂ ಇಲ್ಲವೆಂದೆ. ಎದ್ದು ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟರು. ಒಳ್ಳೆಯ ಸುದ್ದಿ ತಂದವನಿಗೆ ಉಪಚಾರ! ಬೆಲ್ಲ ಬಾಯಲ್ಲಿಟ್ಟುಕೊಂಡೇ ಅತ್ತೆ.

ಮೊದಲನೆಯ ಈಸ್ಟರ್ ಬೆಳಿಗ್ಗೆ ಯೇಸು ಬದುಕಿದ್ದಾನೆಂಬ ಸುದ್ದಿ ಹೊತ್ತು ಸಮಾಧಿಯಿಂದ ಓಡಿ ಬಂದ ಹೆಂಗಸರ ಕಥೆ ಪ್ರತಿವರ್ಷ ಕೇಳುತ್ತೇನೆ. ನನಗೆ ಕಾಣುವುದು ಆ ಮೆಟ್ಟಿಲು, ಆ ಬಿಳಿ ಸೀರೆ. ಪಾಪಕ್ಷಮೆ ಎಂದು ಪಾದ್ರಿಯ ಪ್ರಸಂಗದಲ್ಲಿ ಬಂದಾಗಲೂ ನನಗೆ ನೆನಪಾಗುವುದು ಮಾಸ್ಟ್ರ ಒದ್ದೆ ತೋಳೇ. ದೇವಶಾಸ್ತ್ರ ಓದಿದವರು ನಗಬಹುದು.

ಹಿಂತಿರುಗುವಾಗ ಮಾಸ್ಟ್ರು ಆಡಿದ್ದು ಒಂದೇ ಮಾತು: "ನಾಳೆ ಲೆಕ್ಕ. ಓದಿದ್ದೀಯಾ?" ಮೂವತ್ತೆಂಟು ಅಂಕ ಬಂತು.

ಬೆಂಗಳೂರಿನಲ್ಲಿ ಮೊಮ್ಮಗಳ ಶಾಲೆಯಲ್ಲಿ ಮೌಲ್ಯ ಶಿಕ್ಷಣಕ್ಕೆ ಬಣ್ಣಬಣ್ಣದ ಪುಸ್ತಕವಿದೆ, ಬಿಟ್ಟ ಸ್ಥಳ ತುಂಬಿದರೆ ಮೌಲ್ಯ ಬಂದಂತೆ. ಅದೇ ಕೀರ್ತನೆಯನ್ನು ಅವಳು ಇಂಗ್ಲಿಷಿನಲ್ಲಿ ಹೇಳಿ ಬಹುಮಾನ ತಂದಳು. "ಐ ಶಲ್ ನಾಟ್ ವಾಂಟ್ ಅಂದ್ರೆ ಈ ಕುರುಬ ನನಗೆ ಬೇಡ ಅಂತಲಾ, ಅಜ್ಜ?" ಎಂದು ಕೇಳಿದಳು. ಕಿವಿ ಹಿಡಿಯಲು ಪಂಡಿತರು ಎಲ್ಲಿ?

ಮಾಸ್ಟ್ರ ಅಂತ್ಯಕ್ರಿಯೆಯಲ್ಲಿ ಮನೆಯವರು ನನ್ನನ್ನೇ ಕೀರ್ತನೆ ಓದಲು ಕೇಳಿದರು. ಒತ್ತಿ ಓದಿದೆ: ಕೊರತೆಪಡೆನು. ಗಂಟೆಯ ಹಗ್ಗ ಇನ್ನೂ ಅಲ್ಲೇ ತೂಗುತ್ತಿತ್ತು. ಎಳೆಯುವ ಹುಡುಗನ ಹತ್ತಿರ ಕೇಳಿ ಹಗ್ಗ ತೆಗೆದುಕೊಂಡೆ. ಒಂದು ಪೆಟ್ಟು, ಇಪ್ಪತ್ತರವರೆಗೆ ಎಣಿಕೆ, ಇನ್ನೊಂದು.

ಆಮೇಲೆ ಗುಡ್ಡೆ ಇಳಿದೆ. ಹದಿನಾಲ್ಕರಲ್ಲಿ ಈಗ ಎರಡು ಮನೆ ಉಳಿದಿವೆ, ಬಾಕಿ ಫ್ಲಾಟುಗಳು. ಅಜ್ಜಿಯ ಮನೆಯಿದ್ದ ಜಾಗದ ಗೇಟಿನಲ್ಲಿ ವಾಚ್‌ಮನ್ ಕೊಡೆ ಹಿಡಿದು ಹೊರಗೆ ಬಂದ.

"ಗಂಟೆ ಕೇಳಿತು. ಯಾರು ಸಾರ್ ಹೋದದ್ದು?"

"ನಮ್ಮ ಮಾಸ್ಟ್ರು" ಎಂದೆ.